ಬೆಂಗಳೂರಿನಿಂದ ಸಿಂಗಾಪುರ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಅಕ್ಕ ಸಿಂಗಾಪುರದಲ್ಲಿದ್ದಾಳೆ. ಅಮ್ಮನನ್ನು ಮೊದಲ ಸಲ ಅಲ್ಲಿಗೆ ಕಳಿಸಬೇಕಿತ್ತು. ಜುಲೈ ತಿಂಗಳ ಟಿಕೆಟ್ ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಅಮ್ಮ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು.

"ಏನೋ ಇದು? ರಾತ್ರಿ 11:05ಕ್ಕೆ ಹೊರಟು ಬೆಳಗ್ಗೆ 6:20ಕ್ಕೆ ಇಳಿಯೋದು. ಏಳು ಗಂಟೆಗೂ ಮೇಲಾಯ್ತು. ಬರುವಾಗ ನೋಡಿದ್ರೆ ರಾತ್ರಿ 8:15ಕ್ಕೆ ಹೊರಟು 10:10ಕ್ಕೇ ಬೆಂಗಳೂರು. ಎರಡು ಗಂಟೆನೂ ಇಲ್ಲ. ಹೋಗುವಾಗಲೂ ಆ ಬೇಗ ಹೋಗೋ ವಿಮಾನಕ್ಕೇ ಟಿಕೆಟ್ ಮಾಡಬಾರದಿತ್ತಾ?"

ನಗು ಬಂತು. ಆದರೆ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಟಿಕೆಟ್‌ನಲ್ಲಿ ಇರುವುದು ಎರಡು ಊರಿನ ಎರಡು ಗಡಿಯಾರ. ಪ್ರಯಾಣದ ಹೊತ್ತು ಅದರೊಳಗೆ ಅಡಗಿ ಕೂತಿರುತ್ತದೆ. ಅಮ್ಮನಿಗೆ ವಿವರಿಸಲು ಹೋಗಿ ನಾನೂ ಒಂದು ಭಾನುವಾರ ಪೂರ್ತಿ ಲೆಕ್ಕ ಹಾಕುತ್ತಾ ಕೂತೆ. ಆ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆ ಬೆಂಗಳೂರು–ಸಿಂಗಾಪುರದ್ದು. ಏಷ್ಯಾದ ಯಾವ ಎರಡು ವಿಮಾನ ನಿಲ್ದಾಣಕ್ಕಾದರೂ ದಾರಿ ಇದೇ.

ಬೇಕಾಗುವುದು ಇಷ್ಟೇ: ಒಂದು ಕಾಗದ, ಪೆನ್ನು, ಸೈನ್–ಕೊಸೈನ್ ಇರುವ ಕ್ಯಾಲ್ಕುಲೇಟರ್. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದನ್ನೂ ಇಳಿಸಿಕೊಳ್ಳಿ.

ಹೆಜ್ಜೆ 1: ಮೊದಲು ಗಡಿಯಾರ ಸರಿಮಾಡಿಕೊಳ್ಳಿ

ಗ್ರೀನ್‌ವಿಚ್ ಸಮಯಕ್ಕಿಂತ ಭಾರತ ಐದೂವರೆ ಗಂಟೆ ಮುಂದಿದೆ, ಸಿಂಗಾಪುರ ಎಂಟು ಗಂಟೆ ಮುಂದಿದೆ. ಅಂದರೆ ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಮಾಡಬೇಕಾದ್ದು ಒಂದೇ ಕೆಲಸ. ಇಳಿಯುವ ಹೊತ್ತನ್ನು ಹೊರಡುವ ಊರಿನ ಗಡಿಯಾರಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಹೋಗುವಾಗ: ಇಳಿಯುವುದು ಸಿಂಗಾಪುರದ 6:20. ಎರಡೂವರೆ ಗಂಟೆ ಕಳೆದರೆ ನಮ್ಮ 3:50. ರಾತ್ರಿ 11:05ರಿಂದ ಬೆಳಗಿನ ಜಾವ 3:50ಕ್ಕೆ 4 ಗಂಟೆ 45 ನಿಮಿಷ.

ಬರುವಾಗ: ಇಳಿಯುವುದು ನಮ್ಮ 10:10. ಎರಡೂವರೆ ಗಂಟೆ ಕೂಡಿಸಿದರೆ ಸಿಂಗಾಪುರದಲ್ಲಿ ಆಗ ನಡುರಾತ್ರಿ ದಾಟಿ 12:40. ಅಲ್ಲಿನ 8:15ರಿಂದ 12:40ಕ್ಕೆ 4 ಗಂಟೆ 25 ನಿಮಿಷ.

ಏಳು ಗಂಟೆ, ಎರಡು ಗಂಟೆ ಎಂಬ ಗೊಂದಲ ಇಲ್ಲಿಗೆ ಮುಗಿಯಿತು. "ಓ, ಶಿವಮೊಗ್ಗಕ್ಕೆ ರೈಲಲ್ಲಿ ಹೋದಷ್ಟೇ ಆಯ್ತಲ್ಲ" ಅಂದಳು ಅಮ್ಮ. ಒಂದು ಕ್ಷಣ ಬಿಟ್ಟು, "ಆದ್ರೂ ಇಪ್ಪತ್ತು ನಿಮಿಷ ವ್ಯತ್ಯಾಸ ಬರ್ತಿದೆಯಲ್ಲೋ? ಹೋಗೋ ದಾರಿನೇ ತಾನೇ ಬರೋ ದಾರಿ?" ಅಂದಳು.

ಆ ಇಪ್ಪತ್ತು ನಿಮಿಷಕ್ಕೆ ಉತ್ತರ ಸಿಗುವುದು ಆರನೇ ಹೆಜ್ಜೆಯಲ್ಲಿ. ಅಲ್ಲಿಯವರೆಗೆ ತಾಳ್ಮೆ ಇರಲಿ.

ಬೇರೆ ಊರುಗಳಿಗೆ ಲೆಕ್ಕ ಹಾಕುವವರಿಗೆ ಇಷ್ಟು ನೆನಪಿದ್ದರೆ ಸಾಕು. ದುಬೈ ಗ್ರೀನ್‌ವಿಚ್‌ಗಿಂತ 4 ಗಂಟೆ ಮುಂದೆ. ಬಾಂಗ್ಲಾದೇಶ 6, ಮ್ಯಾನ್ಮಾರ್ ಆರೂವರೆ. ಥಾಯ್ಲೆಂಡ್, ವಿಯೆಟ್ನಾಂ 7. ಮಲೇಷ್ಯಾ, ಹಾಂಗ್‌ಕಾಂಗ್, ಚೀನಾ 8. ಜಪಾನ್, ಕೊರಿಯಾ 9. ಶ್ರೀಲಂಕಾ ನಮ್ಮದೇ ಐದೂವರೆ. ನೇಪಾಳ ಮಾತ್ರ 5 ಗಂಟೆ 45 ನಿಮಿಷ. ಹಾಗಾಗಿ ದೆಹಲಿಯಿಂದ ಕಾಠ್ಮಂಡುಗೆ ಹೋಗುವ ಟಿಕೆಟ್ ನಿಜಕ್ಕಿಂತ ಕಾಲು ಗಂಟೆ ಜಾಸ್ತಿ ತೋರಿಸುತ್ತದೆ, ಬರುವ ಟಿಕೆಟ್ ಕಾಲು ಗಂಟೆ ಕಮ್ಮಿ. ಇಂಡೊನೇಷ್ಯಾದಲ್ಲಿ ಮೂರು ಗಡಿಯಾರ. ಜಕಾರ್ತ 7, ಬಾಲಿ 8. ಚೀನಾದಲ್ಲಿ ಉಲ್ಟಾ. ಶಾಂಘೈಗೂ ಉರುಮ್ಚಿಗೂ 3 ಸಾವಿರ ಕಿ.ಮೀ.ಗೂ ಮೇಲೆ ದೂರ, ಗಡಿಯಾರ ಮಾತ್ರ ಒಂದೇ. ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸುವ ಗೋಜು ಏಷ್ಯಾದಲ್ಲಿ ಹೆಚ್ಚಿಲ್ಲ. ಇಸ್ರೇಲ್, ಲೆಬನಾನ್‌ನಂಥ ಕೆಲವೇ ಕಡೆಗೆ ಹೋಗುವವರು ಮಾತ್ರ ಅದನ್ನು ನೋಡಿಕೊಳ್ಳಬೇಕು.

ಸಿಂಗಾಪುರದ ಗಡಿಯಾರದ ಬಗ್ಗೆ ಒಂದು ಮಾತು. ಆ ಊರು ಇರುವುದು 104 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಒಂದು ಗಂಟೆಗೆ 15 ಡಿಗ್ರಿಯಂತೆ ಭಾಗಿಸಿದರೆ ಸುಮಾರು 7 ಗಂಟೆ ಬರಬೇಕು. 1982ರಿಂದ ಅಲ್ಲಿ 8 ಗಂಟೆ ಇಟ್ಟುಕೊಂಡಿದ್ದಾರೆ. ಅದಕ್ಕೇ ಅಲ್ಲಿ ಬೆಳಗ್ಗೆ 7ರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ. 6:20ಕ್ಕೆ ಇಳಿದ ಅಮ್ಮನಿಗೆ ಹೊರಗೆ ಇನ್ನೂ ಕತ್ತಲೆ. "ಬೆಳಗಾಯ್ತು ಅಂತಾರೆ, ಬೆಳಕೇ ಇಲ್ಲ" ಅಂತ ಅಕ್ಕನಿಗೆ ಹೇಳಿದಳಂತೆ.

ಹೆಜ್ಜೆ 2: ಊರಲ್ಲ, ನಿಲ್ದಾಣ ಯಾವುದು?

ವಿಮಾನ ನಿಲ್ದಾಣಕ್ಕೆ ಮೂರಕ್ಷರದ ಕೋಡ್ ಇರುತ್ತದೆ. ಬೆಂಗಳೂರು ಬಿ.ಎಲ್.ಆರ್., ಸಿಂಗಾಪುರದ ಚಾಂಗಿ ಎಸ್.ಐ.ಎನ್. ಟಿಕೆಟ್‌ನಲ್ಲಿ ಊರಿನ ಹೆಸರು ಓದಬೇಡಿ, ಕೋಡ್ ಓದಿ. ಟೋಕಿಯೊದಲ್ಲಿ ನರಿತಾ, ಹನೆಡಾ ಎರಡಿವೆ. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ, ಡಾನ್ ಮುವಾಂಗ್. ಸೋಲ್‌ನಲ್ಲಿ ಇಂಚಾನ್, ಗಿಂಪೊ. ವಿಮಾನದ ದೂರಕ್ಕೆ ಇದರಿಂದ ಆಗುವ ವ್ಯತ್ಯಾಸ ಅಲ್ಪ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬೇಕಾದವರ ಗತಿ ಬೇರೆ.

ಹಳೆಯ ಪಟ್ಟಿಗಳ ಬಗ್ಗೆಯೂ ಹುಷಾರು. ನಮ್ಮದೇ ಬೆಂಗಳೂರಿನ ಕೋಡ್ 2008ರ ಮೇ ತಿಂಗಳವರೆಗೆ ಎಚ್‌ಎಎಲ್ ನಿಲ್ದಾಣಕ್ಕಿತ್ತು. ಆಮೇಲೆ ದೇವನಹಳ್ಳಿಗೆ ಬಂತು.

ಹೆಜ್ಜೆ 3: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಫೋನಿನ ಮ್ಯಾಪ್‌ನಲ್ಲಿ ನಿಲ್ದಾಣ ಹುಡುಕಿ, ರನ್‌ವೇ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದಶಮಾಂಶದ ನಂತರ ಎರಡು ಅಂಕಿ ಸಾಕು.

ಬೆಂಗಳೂರು: 13.20 ಉತ್ತರ, 77.71 ಪೂರ್ವ
ಚಾಂಗಿ: 1.36 ಉತ್ತರ, 103.99 ಪೂರ್ವ

ಇಲ್ಲಿ ಎರಡು ಕಡೆ ಎಡವುತ್ತೇವೆ. ಕೆಲವು ಕಡೆ ಡಿಗ್ರಿ–ನಿಮಿಷದಲ್ಲಿ ಬರೆದಿರುತ್ತಾರೆ. 13 ಡಿಗ್ರಿ 12 ನಿಮಿಷ ಅಂದರೆ 13.12 ಅಲ್ಲ. 12ನ್ನು 60ರಿಂದ ಭಾಗಿಸಬೇಕು, ಆಗ 13.20. ತಪ್ಪಿದರೆ ನಿಲ್ದಾಣ ಸುಮಾರು 9 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ಇನ್ನೊಂದು, ಭೂಮಧ್ಯರೇಖೆಯ ಕೆಳಗಿನ ಊರುಗಳಿಗೆ ಅಕ್ಷಾಂಶದ ಮುಂದೆ ಮೈನಸ್ ಹಾಕಬೇಕು. ಜಕಾರ್ತ, ಬಾಲಿ ಅಲ್ಲಿ ಬರುತ್ತವೆ. ಸಿಂಗಾಪುರ ಕೂದಲೆಳೆಯಲ್ಲಿ ಮೇಲಿದೆ.

ಹೆಜ್ಜೆ 4: ದೂರ

ಇದು ಇಡೀ ಲೆಕ್ಕದ ಹೂರಣ. ನಿಧಾನವಾಗಿ ಮಾಡಿ.

ಭೂಮಿ ಉಂಡೆ. ಅದರ ಸುತ್ತಳತೆ ಸುಮಾರು 40,030 ಕಿ.ಮೀ. 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111.2 ಕಿ.ಮೀ. ಹಾಗಾದರೆ ಎರಡು ನಿಲ್ದಾಣಗಳ ನಡುವೆ ಎಷ್ಟು ಡಿಗ್ರಿ ಇದೆ ಎಂದು ಗೊತ್ತಾದರೆ ದೂರ ಸಿಕ್ಕಂತೆ. ಆ ಡಿಗ್ರಿ ಕಂಡುಹಿಡಿಯುವ ಸೂತ್ರವನ್ನು ಮಾತಲ್ಲಿ ಹೇಳುತ್ತೇನೆ.

ಮೊದಲ ತುಂಡು: ಎರಡೂ ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ.
ಸೈನ್ 13.20 = 0.2284
ಸೈನ್ 1.36 = 0.0237
ಗುಣಿಸಿದರೆ 0.0054

ಎರಡನೇ ತುಂಡು: ಎರಡೂ ಅಕ್ಷಾಂಶಗಳ ಕೊಸೈನ್ ತೆಗೆದು ಗುಣಿಸಿ. ಅದಕ್ಕೆ ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದಲೂ ಗುಣಿಸಿ. ವ್ಯತ್ಯಾಸ 103.99 − 77.71 = 26.28.
ಕೊಸೈನ್ 13.20 = 0.9736
ಕೊಸೈನ್ 1.36 = 0.9997
ಕೊಸೈನ್ 26.28 = 0.8966
ಮೂರನ್ನೂ ಗುಣಿಸಿದರೆ 0.8727

ಎರಡು ತುಂಡನ್ನೂ ಕೂಡಿಸಿ: 0.8781. ಈಗ ಯಾವ ಡಿಗ್ರಿಯ ಕೊಸೈನ್ 0.8781 ಎಂದು ಕ್ಯಾಲ್ಕುಲೇಟರ್ ಅನ್ನು ಕೇಳಿ. ಕೊಸೈನ್ ಗುಂಡಿಯ ತಲೆಯ ಮೇಲೆ ಮೈನಸ್ ಒಂದು ಇರುವ ಗುಂಡಿ ಅದಕ್ಕೇ ಇರುವುದು. ಉತ್ತರ 28.59 ಡಿಗ್ರಿ.

28.59 × 111.2 = 3,179 ಕಿ.ಮೀ. ಸಲೀಸಾಗಿ 3,180 ಅಂದುಕೊಳ್ಳೋಣ.

ನಾನು ಮೊದಲ ಸಲ ಮಾಡಿದಾಗ ಬಂದ ಉತ್ತರ ಕೇಳಿ: 96 ಕಿ.ಮೀ.! ಸಿಂಗಾಪುರ ಮಂಡ್ಯದ ಹತ್ತಿರಕ್ಕೆ ಬಂದುಬಿಟ್ಟಿತ್ತು. ಮೂರು ಸಲ ಮತ್ತೆ ಒತ್ತಿದೆ. ಮೂರು ಸಲವೂ 96. ಕೊನೆಗೆ ನೋಡಿದರೆ ಕ್ಯಾಲ್ಕುಲೇಟರ್‌ನ ಮೂಲೆಯಲ್ಲಿ ಸಣ್ಣದಾಗಿ ರೇಡಿಯನ್ ಅಂತಿತ್ತು. ಡಿಗ್ರಿಯಂತೆ ಅದೂ ಕೋನದ ಒಂದು ಅಳತೆ. ಬಹಳ ಫೋನುಗಳಲ್ಲಿ ಸೈನ್–ಕೊಸೈನ್ ಗುಂಡಿಗಳು ಫೋನನ್ನು ಅಡ್ಡ ಹಿಡಿದಾಗ ಮಾತ್ರ ಕಾಣುತ್ತವೆ, ಆಗಲೇ ಈ ರೇಡಿಯನ್ ಕೂಡ ಬಂದು ಕೂತಿರಬಹುದು. ಡಿಗ್ರಿಗೆ ಬದಲಾಯಿಸಿಯೇ ಶುರುಮಾಡಿ. ಸರಿಯಿದೆಯೇ ಎಂದು ನೋಡಲು ಸೈನ್ 30 ಒತ್ತಿ. 0.5 ಬಂದರೆ ಸರಿ.

ನಾಟಿಕಲ್ ಮೈಲಿ ಬೇಕಿದ್ದರೆ ಇನ್ನೂ ಸುಲಭ. ಡಿಗ್ರಿಯನ್ನು 60ರಿಂದ ಗುಣಿಸಿದರೆ ಮುಗಿಯಿತು, 28.59 × 60 = 1,715. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಪೈಲಟ್‌ಗಳು ಮಾತಾಡುವುದು ಈ ಅಳತೆಯಲ್ಲೇ.

ಸೈನ್ ಕೊಸೈನ್ ಎಲ್ಲ ಬೇಡಪ್ಪ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಗ್ಲೋಬ್ ತನ್ನಿ, ಹೂ ಕಟ್ಟುವ ದಾರ ತನ್ನಿ. ದಾರದ ಒಂದು ತುದಿ ಬೆಂಗಳೂರಿನ ಮೇಲೆ ಹಿಡಿದು ಇನ್ನೊಂದನ್ನು ಸಿಂಗಾಪುರದ ಮೇಲೆ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಹತ್ತಿರದ ದಾರಿ ಹಿಡಿಯುತ್ತದೆ. 30 ಸೆಂ.ಮೀ. ಅಡ್ಡಳತೆಯ ಗ್ಲೋಬ್ ಆದರೆ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ. ದಾರ ಏಳೂವರೆ ಸೆಂ.ಮೀ. ಬರುತ್ತದೆ. ಲೆಕ್ಕಕ್ಕೂ ದಾರಕ್ಕೂ ತಾಳೆಯಾದಾಗ ಆಗುವ ಖುಷಿಯೇ ಬೇರೆ.

ಅಮ್ಮ ಅದೇ ದಾರ ತೆಗೆದುಕೊಂಡು ಬೆಂಗಳೂರಿನಿಂದ ಟೋಕಿಯೊಗೆ ಎಳೆದಳು. ಸುಮಾರು 16 ಸೆಂ.ಮೀ. ಬಂತು. ಲೆಕ್ಕದಲ್ಲಿ ನರಿತಾ ನಿಲ್ದಾಣಕ್ಕೆ 6,700 ಕಿ.ಮೀ. ಆದರೆ ಅವಳ ಕಣ್ಣಿಗೆ ಬಿದ್ದದ್ದು ಬೇರೆ. "ಜಪಾನು ಪೂರ್ವಕ್ಕಿದೆ ಅಂತಾರೆ, ದಾರ ನೋಡಿದ್ರೆ ಚೀನಾ ಹೊಟ್ಟೆ ಮೇಲೆ ಹೋಗ್ತಿದೆ!"

ನಿಜ. ಈ ದಾರಿಯ ನಟ್ಟನಡು ಬರುವುದು 28 ಡಿಗ್ರಿ ಉತ್ತರದಲ್ಲಿ, ಚೀನಾದ ಸಿಚುವಾನ್ ಪ್ರಾಂತ್ಯದ ದಕ್ಷಿಣದ ಅಂಚಿನ ಹತ್ತಿರ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ನಡುಭಾಗ 25 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ನಕ್ಷೆಯ ನೇರ ಗೆರೆಯೇ ಹತ್ತಿರದ ದಾರಿ ಅಂದುಕೊಂಡರೆ ಅಲ್ಲೇ ಮೋಸ. ನಕ್ಷೆ ಸಪಾಟು, ಭೂಮಿ ಉಂಡೆ.

ಹಾಗಂತ ಸಪಾಟು ಲೆಕ್ಕ ಎಲ್ಲ ಕಡೆಯೂ ಕೆಡುವುದಿಲ್ಲ. ಅಕ್ಷಾಂಶದ ವ್ಯತ್ಯಾಸ × 111.2 ಒಂದು ಬದಿ. ರೇಖಾಂಶದ ವ್ಯತ್ಯಾಸ × 111.2 × ಸರಾಸರಿ ಅಕ್ಷಾಂಶದ ಕೊಸೈನ್ ಇನ್ನೊಂದು ಬದಿ. ಶಾಲೆಯ ಪೈಥಾಗೊರಸ್ ಹಾಕಿದರೆ ಸಿಂಗಾಪುರಕ್ಕೆ 3,184 ಬರುತ್ತದೆ. ಬರೀ 5 ಕಿ.ಮೀ. ತಪ್ಪು! ಟೋಕಿಯೊಗೆ ಅದೇ ಲೆಕ್ಕ ಹಾಕಿದರೆ 6,820, ಸುಮಾರು 120 ಕಿ.ಮೀ. ಜಾಸ್ತಿ. ಭೂಮಧ್ಯರೇಖೆಗೆ ಹತ್ತಿರ ಇದ್ದು ದೂರವೂ ಕಮ್ಮಿ ಇದ್ದರೆ ಪೈಥಾಗೊರಸ್ ಸಾಕು. ಉತ್ತರಕ್ಕೆ ಹೋದಷ್ಟೂ, ದೂರ ಬೆಳೆದಷ್ಟೂ ಅದನ್ನು ನಂಬಬೇಡಿ.

"ವಿಮಾನ 11 ಕಿ.ಮೀ. ಮೇಲೆ ಹಾರುತ್ತದೆ, ಹಾಗಾದರೆ ದೂರ ಜಾಸ್ತಿ ಆಗಬೇಕಲ್ವಾ?" ಎಂದು ಕೇಳುವವರಿದ್ದಾರೆ. ಆಗುತ್ತದೆ. ಸಿಂಗಾಪುರದವರೆಗೆ ಐದೂವರೆ ಕಿ.ಮೀ.ಯಷ್ಟು. ಬಿಟ್ಟುಬಿಡಿ.

ಹೆಜ್ಜೆ 5: ಗೆರೆಯಿಂದ ದಾರಿಗೆ, ದಾರಿಯಿಂದ ಹೊತ್ತಿಗೆ

ದಾರ ತೋರಿಸಿದ ಗೆರೆಯ ಮೇಲೇ ವಿಮಾನ ಹೋಗುವುದಿಲ್ಲ. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಎದ್ದು, ಸುತ್ತಿ, ಆಮೇಲೆ ದಾರಿ ಹಿಡಿಯಬೇಕು. ಆಕಾಶದಲ್ಲೂ ಗೊತ್ತುಮಾಡಿದ ಬಿಂದುಗಳಿವೆ, ಅವುಗಳನ್ನು ಹಿಡಿದು ಸಾಗಬೇಕು. ಇಳಿಯುವಾಗ ಮತ್ತೆ ಸುತ್ತು. ಸಿಂಗಾಪುರದ ದಾರಿ ಮಾತ್ರ ಹೆಚ್ಚು ತೊಡಕಿಲ್ಲದ್ದು. ಗೆರೆ ಪುದುಚೇರಿಯ ಉತ್ತರಕ್ಕೆ ಕರಾವಳಿ ದಾಟುತ್ತದೆ. ಆಮೇಲೆ ಬಂಗಾಳ ಕೊಲ್ಲಿಯ ಬರೀ ನೀರು. ಗ್ರೇಟ್ ನಿಕೋಬಾರ್‌ನ ದಕ್ಷಿಣ ತುದಿಯನ್ನು ಎಡಕ್ಕೆ ಬಿಟ್ಟು ಸುಮಾತ್ರಾ ದ್ವೀಪದ ಅಚೆ ಎಂಬ ಪ್ರಾಂತ್ಯ, ಮಲಾಕ್ಕ ಜಲಸಂಧಿ, ಸಿಂಗಾಪುರ. ಇಂಥ ದಾರಿಗೆ ನಾನು ನೂರಕ್ಕೆ ನಾಲ್ಕು ಸೇರಿಸುತ್ತೇನೆ. 3,180ಕ್ಕೆ ಶೇ. 4 ಸೇರಿಸಿದರೆ ಸುಮಾರು 3,307 ಕಿ.ಮೀ.

ಎಲ್ಲ ದಾರಿಗೂ ನಾಲ್ಕೇ ಅಲ್ಲ. ಅಡ್ಡ ಬರುವುದು ಎರಡು: ಬೆಟ್ಟ, ಗಡಿ. ಟಿಬೆಟ್ ಪ್ರಸ್ಥಭೂಮಿ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರ. ವಿಮಾನದೊಳಗಿನ ಗಾಳಿಯ ಒತ್ತಡ ಇಳಿದರೆ ಪೈಲಟ್ ಬೇಗ ಸುಮಾರು 3 ಸಾವಿರ ಮೀಟರ್‌ಗೆ ಇಳಿಯಬೇಕು. ಅಲ್ಲಿ ಆ ಎತ್ತರದಲ್ಲಿ ಗಾಳಿ ಇಲ್ಲ, ನೆಲವಿದೆ. ಹಾಗಾಗಿ ಆ ಕಡೆಯ ಬಹಳಷ್ಟು ವಿಮಾನಗಳು ಸುತ್ತಿ ಹೋಗುತ್ತವೆ. ಗಡಿಯ ಕಥೆ ಇನ್ನೂ ಬೇರೆ. ದೆಹಲಿಯಿಂದ ತಾಷ್ಕೆಂಟ್‌ಗೆ ದಾರ ಹಿಡಿದರೆ ಬರೀ 1,580 ಕಿ.ಮೀ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ಆ ಅಂಕಿಗೆ ಬೆಲೆಯೇ ಇಲ್ಲದಾಯಿತು. ಆದ್ದರಿಂದ ಲೆಕ್ಕಕ್ಕೆ ಕೂರುವ ಮೊದಲು ದಾರದ ಕೆಳಗೆ ಯಾವ ದೇಶ ಇದೆ ಎಂದು ಒಮ್ಮೆ ನೋಡಿ.

ಈಗ ವೇಗ. ಎ320, ಬೋಯಿಂಗ್ 737ರಂಥ ನಡುವೆ ಒಂದೇ ಓಣಿ ಇರುವ ವಿಮಾನಗಳು ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಬೋಯಿಂಗ್ 787, ಎ350ಯಂಥ ಎರಡು ಓಣಿಯ ದೊಡ್ಡ ವಿಮಾನಗಳು ಸುಮಾರು 900. ಅಮ್ಮನದು ಒಂದು ಓಣಿಯದು.

3,307 ÷ 830 = 3.98 ಗಂಟೆ. ಅಂದರೆ 3 ಗಂಟೆ 59 ನಿಮಿಷ.

0.98ನ್ನು 98 ನಿಮಿಷ ಅಂದುಕೊಳ್ಳಬೇಡಿ. 60ರಿಂದ ಗುಣಿಸಿದರೆ 59 ನಿಮಿಷ.

ಆದರೆ ವಿಮಾನ ಹೊರಟ ತಕ್ಷಣ 830ರಲ್ಲಿ ಹೋಗುವುದಿಲ್ಲ. ಗೇಟು ಬಿಟ್ಟು ರನ್‌ವೇ ತನಕ ತೆವಳಬೇಕು, ಸರದಿಯಲ್ಲಿ ನಿಲ್ಲಬೇಕು. ಹತ್ತುವಾಗ, ಇಳಿಯುವಾಗ ವೇಗ ಕಮ್ಮಿ. ಇಳಿದ ಮೇಲೆ ಮತ್ತೆ ಗೇಟಿನವರೆಗೆ ತೆವಳುವುದು. ಇದೆಲ್ಲಕ್ಕೂ ಸೇರಿ ಸಣ್ಣ ವಿಮಾನಕ್ಕೆ 35 ನಿಮಿಷ, ದೊಡ್ಡದಕ್ಕೆ 40 ನಿಮಿಷ ಇಟ್ಟುಕೊಳ್ಳಿ. ತುಂಬಾ ದಟ್ಟಣೆಯ ನಿಲ್ದಾಣವಾದರೆ ಇನ್ನೊಂದು ಹತ್ತು ಸೇರಿಸಿ.

3:59 + 0:35 = 4 ಗಂಟೆ 34 ನಿಮಿಷ.

ಟಿಕೆಟ್‌ನಲ್ಲಿ ಹೋಗಲು 4:45, ಬರಲು 4:25. ಎರಡರ ನಡುವೆ ಸರಿಯಾಗಿ 4:35! ಪೆನ್ನು ಕೆಳಗಿಟ್ಟು ಕಾಫಿ ಮಾಡಿಕೊಂಡು ಬಂದೆ.

ಅಂತರ್ಜಾಲದಲ್ಲಿ ಒಂದು ಕಡೆ ಇದೇ ದಾರಿಗೆ 3 ಗಂಟೆ 50 ನಿಮಿಷ ಅಂತ ಬರೆದಿತ್ತು. 3,180ನ್ನು 830ರಿಂದ ಭಾಗಿಸಿ ನೋಡಿ. ಅಷ್ಟೇ ಬರುತ್ತದೆ. ಸುತ್ತು ಇಲ್ಲ, ತೆವಳುವುದಿಲ್ಲ, ಗಾಳಿ ಇಲ್ಲ. ಎರಡು ಕಡೆ ಎರಡು ಉತ್ತರ ಕಂಡರೆ ಗಾಬರಿ ಬೇಡ. ಯಾರು ಏನು ಬಿಟ್ಟಿದ್ದಾರೆ ಎಂದು ಹುಡುಕಿ.

ಹೆಜ್ಜೆ 6: ಗಾಳಿ

ಇಪ್ಪತ್ತು ನಿಮಿಷದ ಕಳ್ಳ ಇಲ್ಲಿದ್ದಾನೆ.

ವಿಮಾನದ 830 ಅನ್ನುವುದು ಸುತ್ತಲಿನ ಗಾಳಿಯ ಲೆಕ್ಕದಲ್ಲಿ. ಆ ಗಾಳಿಯೇ ಹರಿಯುತ್ತಿದ್ದರೆ? ಹೊಳೆಯಲ್ಲಿ ದೋಣಿ ಹೋದ ಹಾಗೆ. ಹರಿವಿನ ಜೊತೆ ಹೋದರೆ ಬೇಗ, ಎದುರು ಹೋದರೆ ನಿಧಾನ.

ಮುಂಗಾರಿನಲ್ಲಿ ನಮ್ಮ ಮನೆಯಂಗಳದ ಗಾಳಿ ಪಡುವಣದಿಂದ ಬೀಸುತ್ತದೆ. ಆದರೆ ಹತ್ತು ಹದಿನೈದು ಕಿ.ಮೀ. ಮೇಲೆ ಪೂರ್ತಿ ಉಲ್ಟಾ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಜೋರಾದ ಗಾಳಿಯ ಹೊಳೆ ಹರಿಯುತ್ತದೆ. ಇದನ್ನು 1950ರ ದಶಕದಲ್ಲಿ ಗುರುತಿಸಿ ವಿವರಿಸಿದವರು ನಮ್ಮದೇ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ. ಅದರ ಅತಿ ಜೋರಾದ ಭಾಗ ವಿಮಾನಗಳಿಗಿಂತ ಮೇಲಿರುತ್ತದೆ. ಕೆಳಗಿನ ಅಂಚು ವಿಮಾನಕ್ಕೂ ತಾಗುತ್ತದೆ.

ಜುಲೈನಲ್ಲಿ ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 30 ಕಿ.ಮೀ. ಪೂರ್ವದ ಗಾಳಿ ಅಂದುಕೊಳ್ಳೋಣ.

ಹೋಗುವಾಗ ಎದುರುಗಾಳಿ: 830 − 30 = 800. 3,307 ÷ 800 = 4 ಗಂಟೆ 8 ನಿಮಿಷ. 35 ಸೇರಿಸಿದರೆ 4:43.
ಬರುವಾಗ ಬೆನ್ನಿಗೆ ಗಾಳಿ: 830 + 30 = 860. 3,307 ÷ 860 = 3 ಗಂಟೆ 51 ನಿಮಿಷ. 35 ಸೇರಿಸಿದರೆ 4:26.

"ನೋಡಮ್ಮ, ನಿನ್ನ ಇಪ್ಪತ್ತು ನಿಮಿಷ" ಅಂದೆ. "ಮಳೆಗಾಲದಲ್ಲಿ ಗಾಳಿ ಪಶ್ಚಿಮದ್ದಲ್ವಾ?" ಅಂದಳು. ಮತ್ತೆ ಮೊದಲಿಂದ ಶುರುಮಾಡಬೇಕಾಯಿತು.

ಇಷ್ಟು ಕೇಳಿದ ಮೇಲೆ ಬಹಳ ಜನ ಹೇಳುವ ಇನ್ನೊಂದು ಕಾರಣವನ್ನೂ ಮುಗಿಸಿಬಿಡೋಣ. "ಭೂಮಿ ತಿರುಗುತ್ತಲ್ಲ, ಅದಕ್ಕೇ ಒಂದು ಕಡೆಗೆ ಬೇಗ" ಎನ್ನುತ್ತಾರೆ. ಭೂಮಿ ತಿರುಗುವಾಗ ಗಾಳಿಯೂ, ಅದರೊಳಗಿನ ವಿಮಾನವೂ ಜೊತೆಗೇ ತಿರುಗುತ್ತವೆ. ಓಡುವ ರೈಲಿನೊಳಗೆ ಮುಂದಕ್ಕೆ ನಡೆದರೂ ಹಿಂದಕ್ಕೆ ನಡೆದರೂ ಶೌಚಾಲಯಕ್ಕೆ ಅಷ್ಟೇ ಹೆಜ್ಜೆ ತಾನೇ?

ಸಿಂಗಾಪುರದ ದಾರಿಯ ಗಾಳಿ ಮಗು ಇದ್ದ ಹಾಗೆ. ಚಳಿಗಾಲದಲ್ಲಿ ಟೋಕಿಯೊ ದಾರಿಯನ್ನು ನೋಡಿ. ಚೀನಾ, ಜಪಾನ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿ ಜಪಾನಿನ ಹತ್ತಿರ ಗಂಟೆಗೆ 300 ಕಿ.ಮೀ. ಮುಟ್ಟುವುದುಂಟು. ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ವಾಸಾಬುರೋ ಓಯಿಶಿ. ತಾತೆನೊ ಎಂಬಲ್ಲಿಂದ 1920ರ ದಶಕದಲ್ಲಿ ಬಲೂನ್ ಹಾರಿಸಿ, ಅವು ಓಡುವ ವೇಗ ಬರೆದುಕೊಂಡರು. ಹೊರದೇಶದವರೂ ಓದಲಿ ಎಂದು 1926ರಲ್ಲಿ ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಆಗಲಿ ಎಂದು ಕಟ್ಟಿದ ಭಾಷೆಯಲ್ಲಿ ಪ್ರಕಟಿಸಿದರು. ಪಾಪ, ಅದನ್ನು ಓದಿದವರೇ ಕಡಿಮೆ.

ನರಿತಾ–ಬೆಂಗಳೂರು ನಡುವೆ ಜಪಾನ್ ಏರ್‌ಲೈನ್ಸ್ ನೇರ ವಿಮಾನ ಓಡಿಸುತ್ತದೆ. ದೊಡ್ಡ ವಿಮಾನ, ವೇಗ 900. ದೂರ 6,700ಕ್ಕೆ ಶೇ. 4 ಸೇರಿಸಿ 6,970. ಗಾಳಿ ಇಲ್ಲದಿದ್ದರೆ, ದೊಡ್ಡ ವಿಮಾನದ 40 ನಿಮಿಷವೂ ಸೇರಿ 8 ಗಂಟೆ 25 ನಿಮಿಷ. ಈಗ ದಾರಿಯ ಸರಾಸರಿ ಗಾಳಿ 100 ಇಟ್ಟುಕೊಳ್ಳಿ. ಹೋಗುವಾಗ 7 ಗಂಟೆ 38 ನಿಮಿಷ. ಬರುವಾಗ 9 ಗಂಟೆ 23 ನಿಮಿಷ. ಮುಕ್ಕಾಲು ಗಂಟೆ ಅಲ್ಲ, ಒಂದು ಮುಕ್ಕಾಲು ಗಂಟೆ ವ್ಯತ್ಯಾಸ.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಗಾಳಿ ಹೋಗುವಾಗ ಉಳಿಸಿದ್ದು 47 ನಿಮಿಷ. ಬರುವಾಗ ಕಿತ್ತುಕೊಂಡದ್ದು 58 ನಿಮಿಷ. ಒಂದೇ ಗಾಳಿ, ಒಂದೇ ದಾರಿ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೆ ಹೀಗೆ. ಹೋಗಿ ಬರುವುದರಲ್ಲಿ ಗಾಳಿ ಸರಿಹೋಗುತ್ತದೆ ಎನ್ನುವ ಮಾತು ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಹೆಜ್ಜೆ 7: ನಿಜದ ವಿಮಾನದ ಜೊತೆ ತಾಳೆ ನೋಡಿ

ವಿಮಾನಗಳನ್ನು ನಕ್ಷೆಯ ಮೇಲೆ ತೋರಿಸುವ ಆ್ಯಪ್‌ಗಳಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ. ಹಿಂದಿನ ಒಂದು ವಾರದ ಹಾರಾಟ ಸಿಗುತ್ತದೆ. ಅಲ್ಲಿ ಕಾಣುವುದು ಸಾಮಾನ್ಯವಾಗಿ ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಹೊತ್ತು. ಟಿಕೆಟ್‌ನದು ಗೇಟಿನಿಂದ ಗೇಟಿಗೆ. "ಹಾರಾಟದ ಅವಧಿ ನಾಲ್ಕು ಗಂಟೆ ಐದು ನಿಮಿಷ" ಎಂದು ಪೈಲಟ್ ಹೇಳುವುದೂ ಆಕಾಶದ ಹೊತ್ತೇ. ಎರಡನ್ನೂ ಬೆರೆಸಬೇಡಿ.

ಅಮ್ಮನ ವಿಮಾನ ಗೇಟು ಬಿಟ್ಟದ್ದು 11:20ಕ್ಕೆ, ಕಾಲು ಗಂಟೆ ತಡ. ಗೇಟು ಸೇರಿದ್ದು ಸಿಂಗಾಪುರದ 6:13ಕ್ಕೆ, ಏಳು ನಿಮಿಷ ಮೊದಲೇ! ಒಟ್ಟು 4 ಗಂಟೆ 23 ನಿಮಿಷ. ಅಂದರೆ ಗಾಳಿ ಆ ರಾತ್ರಿ ಸುಮ್ಮನಿತ್ತು ಅಂತ ಕಾಣುತ್ತದೆ. ಇನ್ನೊಂದು ಕಾರಣವೂ ಇದೆ. ವಿಮಾನ ಕಂಪನಿಗಳು ವೇಳಾಪಟ್ಟಿಯಲ್ಲಿ ಸ್ವಲ್ಪ ಹೊತ್ತು ಮೊದಲೇ ಸೇರಿಸಿಟ್ಟಿರುತ್ತವೆ. ತಡವಾಗಿ ಹೊರಟರೂ ಹೊತ್ತಿಗೆ ಸರಿಯಾಗಿ ಮುಟ್ಟಿದ ಹೆಸರು ಬರಲಿ ಅಂತ. ನಮ್ಮ ಲೆಕ್ಕ ಟಿಕೆಟ್‌ಗಿಂತ ಹತ್ತು ಹದಿನೈದು ನಿಮಿಷ ಕಮ್ಮಿ ಬಂದರೆ ಅದೇ ಕಾರಣ ಇರಬಹುದು. ಅರ್ಧ ಗಂಟೆಗಿಂತ ಜಾಸ್ತಿ ತಪ್ಪಿದರೆ ಮಾತ್ರ ಹಿಂದಿನ ಹೆಜ್ಜೆಗಳಿಗೆ ಹೋಗಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ತಪ್ಪಿರುವುದು ಗಡಿಯಾರವೇ, ಕೂಡಿಸುವ ಕಡೆ ಕಳೆದಿರುತ್ತೇವೆ.

ನಡುವೆ ಒಂದು ಕಡೆ ವಿಮಾನ ಬದಲಾಯಿಸುವವರು ಎರಡು ತುಂಡಿಗೂ ಬೇರೆ ಬೇರೆ ಲೆಕ್ಕ ಹಾಕಿ, ಕಾಯುವ ಹೊತ್ತು ಸೇರಿಸಿ. ಮೊದಲ ಊರಿನ ಗಡಿಯಾರವನ್ನೇ ಕೊನೆಯವರೆಗೂ ಹಿಡಿದುಕೊಂಡರೆ ಗೊಂದಲ ಇಲ್ಲ.

ಕೈ ಪಳಗಲು ಒಂದು: ಮಂಗಳೂರಿನಿಂದ ದುಬೈ

ಕರಾವಳಿಯವರಿಗೆ ಮನೆಯಂಗಳದ ದಾರಿ ಇದು. ಮಂಗಳೂರು 12.96 ಉತ್ತರ, 74.89 ಪೂರ್ವ. ದುಬೈ 25.25 ಉತ್ತರ, 55.36 ಪೂರ್ವ. ಕೆಳಗೆ ನೋಡದೆ ಮಾಡಿ.

ಡಿಗ್ರಿ 22.12 ಬರಬೇಕು, ದೂರ 2,460 ಕಿ.ಮೀ. ಶೇ. 4 ಸೇರಿಸಿದರೆ 2,558. ಸಣ್ಣ ವಿಮಾನ, 830ರಿಂದ ಭಾಗಿಸಿದರೆ 3 ಗಂಟೆ 5 ನಿಮಿಷ. 35 ಸೇರಿಸಿ 3:40. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಗ್ಗೆ 9ಕ್ಕೆ ಹೊರಟರೆ ನಮ್ಮ 12:40, ಅಲ್ಲಿನ 11:10ಕ್ಕೆ ಇಳಿಯುತ್ತೀರಿ.

ಇದು ಗಾಳಿ ಇಲ್ಲದ ಲೆಕ್ಕ. ಜನವರಿಯಲ್ಲಿ ಹೋಗುವವರು ಪಶ್ಚಿಮದ ಗಾಳಿ 80 ಇಟ್ಟುಕೊಂಡು ಮತ್ತೆ ಮಾಡಿ. ಹೋಗುವಾಗ ಸರಿಯಾಗಿ 4 ಗಂಟೆ, ಬರುವಾಗ 3 ಗಂಟೆ 24 ನಿಮಿಷ ಬಂದರೆ ನಿಮ್ಮ ಕ್ಯಾಲ್ಕುಲೇಟರ್ ಡಿಗ್ರಿಯಲ್ಲೇ ಇದೆ.